ಪಂಜರ ರಾಕೆಟ್: ನಡುವೆ ಗೂಡಿರುವ ಎರಡು ಹಂತದ ಮಾಡೆಲ್ ರಾಕೆಟ್ಟನ್ನು ಲೆಕ್ಕ ಹಾಕಿ, ಕಟ್ಟಿ, ಹಾರಿಸುವುದು

ಮೊದಲ ಪಂಜರ ರಾಕೆಟ್ ಚೆನ್ನಾಗಿಯೇ ಎದ್ದಿತು. ಒಂದೂವರೆ ಸೆಕೆಂಡು ಉರಿಯಿತು. ಆಮೇಲೆ ಮೇಲೆಲ್ಲೋ ‘ಪಟ್’ ಅಂತ ಸಣ್ಣ ಸದ್ದು. ಕೆಳಹಂತ ಕಳಚಿಕೊಂಡು ಪಲ್ಟಿ ಹೊಡೆಯುತ್ತಾ ಬಿತ್ತು. ಮೇಲ್ಹಂತದಿಂದ ಬೆಂಕಿ ಬರಬೇಕಿತ್ತು, ಹೊಗೆಯೂ ಬರಲಿಲ್ಲ. ಅದು ಇದ್ದ ವೇಗದಲ್ಲೇ ಇನ್ನಷ್ಟು ಮೇಲೆ ಹೋಗಿ, ಬಾಗಿ, ಮೂತಿ ಕೆಳಗೆ ಮಾಡಿಕೊಂಡು ಬಂದು ಹುಲ್ಲಿನಲ್ಲಿ ನೆಟ್ಟುಕೊಂಡಿತು. ಕಿತ್ತು ನೋಡಿದರೆ ಒಳಗಿನ ಮೋಟಾರ್, ಅಂದರೆ ಮದ್ದು ತುಂಬಿದ ಪುಟ್ಟ ಕೊಳವೆ, ಅಂಗಡಿಯಿಂದ ತಂದ ಹಾಗೇ ಇತ್ತು. ಕಿಡಿ ಅದನ್ನು ಮುಟ್ಟಿರಲೇ ಇಲ್ಲ.

ತಪ್ಪು ಪೂರ್ತಿ ನನ್ನದೇ. ಎರಡು ಹಂತಗಳ ನಡುವಿನ ಕೊಳವೆಗೆ ನಾನು ತೂತು ಕೊರೆದಿರಲಿಲ್ಲ. ನೋಡೋಕೆ ಚೆನ್ನಾಗಿರಲ್ಲ ಅಂತ ಬಿಟ್ಟಿದ್ದೆ. ಈ ಬರಹ ಅದೇ ರಾಕೆಟ್ಟಿನ ಎರಡನೇ ಅವತಾರದ್ದು, ತೂತು ಸಮೇತ.

ನಾನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ಇಲ್ಲಿ ಮಾಡೆಲ್ ರಾಕೆಟ್ ಮೋಟಾರ್‌ಗಳು ಹವ್ಯಾಸದ ಸಾಮಾನು ಮಾರುವ ಅಂಗಡಿಯಲ್ಲೇ ಸಿಗುತ್ತವೆ. ಕಿಟ್ ತಂದು ಒಂದು ಹಂತದ ರಾಕೆಟ್ಟನ್ನು ಐದಾರು ಸಲ ಕಟ್ಟಿ ಹಾರಿಸಿದವರಿಗೆ ಇದು ಮುಂದಿನ ಮೆಟ್ಟಿಲು. ಹೊಸಬರು ಇದರಿಂದ ಶುರು ಮಾಡಬೇಡಿ.

ಊರಲ್ಲಿರುವವರಿಗೆ ಮೊದಲೇ ಒಂದು ಮಾತು. ಮೋಟಾರ್ ಸಿಗಲಿಲ್ಲ ಅಂತ ಪಟಾಕಿ ಬಿಚ್ಚಿ ಮದ್ದು ತುಂಬಿಕೊಳ್ಳಲು ಹೋಗಬೇಡಿ. ಕಾನೂನು ಒಂದು ಕಡೆ ಇರಲಿ, ಬೆರಳು ಮತ್ತೆ ಬೆಳೆಯಲ್ಲ. ಈ ಹವ್ಯಾಸ ಹುಟ್ಟಿದ್ದೇ ಆ ಅಪಾಯ ತಪ್ಪಿಸೋಕೆ. 1954ರಲ್ಲಿ ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಮೊದಲ ಮಾಡೆಲ್ ರಾಕೆಟ್ ಮಾಡಿದರು. ವೈಟ್ ಸ್ಯಾಂಡ್ಸ್ ರಾಕೆಟ್ ನೆಲೆಯಲ್ಲಿ ಕೆಲಸದಲ್ಲಿದ್ದ ಹ್ಯಾರಿ ಸ್ಟೈನ್ 1957ರಲ್ಲಿ ಅದನ್ನು ವ್ಯಾಪಾರಕ್ಕೆ ತಂದರು. ವರ್ನ್ ಎಸ್ಟೆಸ್ ಮೋಟಾರ್ ಅಚ್ಚು ಹಾಕುವ ಯಂತ್ರವನ್ನೇ ಕಟ್ಟಿ, ಅದಕ್ಕೆ ‘ಮೇಬಲ್’ ಅಂತ ಹೆಸರಿಟ್ಟರು. ಮದ್ದನ್ನು ಕಾರ್ಖಾನೆಯವರು ತುಂಬಲಿ, ಹವ್ಯಾಸಿಗಳು ಕಾಗದ, ಮರ, ಗೋಂದಿನಲ್ಲಿ ಬುದ್ಧಿ ತೋರಿಸಲಿ ಅನ್ನೋದು ಒಪ್ಪಂದ. ಮೋಟಾರ್ ಕೈಗೆ ಸಿಗದಿದ್ದರೂ ಕೆಳಗಿನ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಬಹುದು. ಸೋಡಾ ಬಾಟಲಿಯ ನೀರಿನ ರಾಕೆಟ್ಟಿಗೂ ರೆಕ್ಕೆ ಮತ್ತು ತೂಕದ ಲೆಕ್ಕ ಇದೇ.

ಪಂಜರ ಅಂದರೆ ಏನು

ರಷ್ಯಾದ ಸೊಯುಜ್ ರಾಕೆಟ್ಟಿನ ಚಿತ್ರ ನೋಡಿ. ನಡುವಿನ ಹಂತಕ್ಕೂ ಅದರ ಮೇಲಿನ ಹಂತಕ್ಕೂ ನಡುವೆ ಕಬ್ಬಿಣದ ಜಾಲರಿ ಥರದ್ದೊಂದು ಕಾಣುತ್ತದೆ, ಆಚೆ ಬದಿಯ ಆಕಾಶವೂ ಕಾಣುತ್ತದೆ. ಅಲ್ಲಿ ಮೇಲಿನ ಎಂಜಿನ್ ಹೊತ್ತಿಕೊಂಡ ಮೇಲೆ ಕೆಳಗಿನದು ಕಳಚುತ್ತದೆ. ಆ ಬೆಂಕಿ ಹೊರಗೆ ಹೋಗಲು ದಾರಿ ಬೇಕು, ಅದಕ್ಕೇ ಜಾಲರಿ. 2023ರ ನವೆಂಬರ್‌ನಲ್ಲಿ ಹಾರಿದ ಸ್ಟಾರ್‌ಶಿಪ್‌ಗೂ ಇದೇ ಕಾರಣಕ್ಕೆ ಕಿಂಡಿಗಳಿರುವ ಉಂಗುರ ಹಾಕಿದ್ದರು.

ಮಾಮೂಲಿ ಎರಡು ಹಂತದ ಮಾಡೆಲ್ ರಾಕೆಟ್ಟಿನಲ್ಲಿ ಇಂಥದ್ದೇನೂ ಇರಲ್ಲ. ಎರಡು ಮೋಟಾರ್‌ಗಳನ್ನು ಒಂದರ ಬೆನ್ನಿಗೆ ಇನ್ನೊಂದಿಟ್ಟು ಒಂದು ಸುತ್ತು ಸೆಲ್ಲೋಟೇಪ್ ಹಾಕುತ್ತಾರೆ. ಕೆಳಗಿನದು ಉರಿದು ಮುಗಿಯುವಾಗ ಅದರ ತಲೆ ಒಡೆದು ಕೆಂಡದ ಚೂರುಗಳು ಮೇಲಿನದರ ಬಾಯಿಗೆ ನುಗ್ಗುತ್ತವೆ, ಅದು ಹೊತ್ತಿಕೊಳ್ಳುತ್ತದೆ. ವೈರಿಲ್ಲ, ಬ್ಯಾಟರಿಯಿಲ್ಲ. ಕರಿಮದ್ದಿನ ಮೋಟಾರ್‌ಗೆ ಮಾತ್ರ ಈ ಉಪಾಯ ನಡೆಯುತ್ತದೆ. ರಬ್ಬರಿನಂಥ ಇಂಧನ ತುಂಬಿದ ಕಾಂಪೊಸಿಟ್ ಮೋಟಾರ್‌ಗೆ ಎಲೆಕ್ಟ್ರಾನಿಕ್ಸ್ ಬೇಕು, ಅದು ಬೇರೆಯದೇ ಕಥೆ.

ನಮ್ಮ ಪಂಜರದಲ್ಲಿ ಎರಡು ಮೋಟಾರ್‌ಗಳ ನಡುವೆ ಸುಮಾರು 15 ಸೆಂ.ಮೀ. ಖಾಲಿ ಜಾಗ ಇರುತ್ತದೆ. ನಡುವೆ ಒಂದು ತೆಳು ಕೊಳವೆ, ಅದರ ಸುತ್ತ ನಾಲ್ಕು ಮರದ ಕಡ್ಡಿ. ದೂರದಿಂದ ನೋಡಿದರೆ ಹಕ್ಕಿಗೂಡು ನುಂಗಿದ ರಾಕೆಟ್ ಥರ ಕಾಣುತ್ತದೆ.

ಇಲ್ಲಿ ನನ್ನದೊಂದು ಹಟ ಇದೆ. ಒಂದು ರಾಕೆಟ್ಟಿಗೆ ಒಂದೇ ಹುಚ್ಚಾಟ. ಇದಕ್ಕೂ ಮೊದಲು ರೆಕ್ಕೆ ಬದಲು ಬಳೆ ಥರದ ಉಂಗುರ ಹಾಕಬೇಕು ಅಂತಿದ್ದೆ, ಮೂತಿಯನ್ನು ಚಪ್ಪಟೆ ಮಾಡಬೇಕು ಅಂತಲೂ ಇತ್ತು. ಮೂರನ್ನೂ ಒಟ್ಟಿಗೆ ಮಾಡಿ ರಾಕೆಟ್ ಅಡ್ಡಾದಿಡ್ಡಿ ಹೋದರೆ, ತಪ್ಪು ಯಾವುದರದ್ದು ಅಂತ ಹೇಗೆ ಗೊತ್ತಾಗಬೇಕು? ಹಾಗಾಗಿ ಗೂಡೊಂದನ್ನು ಬಿಟ್ಟು ಉಳಿದದ್ದೆಲ್ಲ ಕಿಟ್ಟಿನಲ್ಲಿ ಬರುವಂಥ ಮಾಮೂಲಿ ಭಾಗಗಳೇ.

ಹೆಜ್ಜೆ 1: ಮೋಟಾರ್ ಆರಿಸುವುದು

ಮೋಟಾರ್ ಮೇಲೆ ‘ಸಿ6-7’ ಅಂತ ಬರೆದಿರುತ್ತದೆ. ಅಕ್ಷರ ಒಟ್ಟು ಬಲವನ್ನು ಹೇಳುತ್ತದೆ, ಒಂದೊಂದು ಅಕ್ಷರ ಮೇಲೆ ಹೋದ ಹಾಗೆ ಮಿತಿ ಎರಡು ಪಟ್ಟು. ಎ ಅಂದರೆ 2.5 ನ್ಯೂಟನ್-ಸೆಕೆಂಡ್‌ವರೆಗೆ, ಬಿ 5, ಸಿ 10, ಡಿ 20. ಮುಂದಿನ ಅಂಕಿ ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ. ಕೊನೆಯದು ಉರಿದು ಮುಗಿದ ಮೇಲೆ ಎಷ್ಟು ಸೆಕೆಂಡು ಬಿಟ್ಟು ಪ್ಯಾರಾಚೂಟ್ ಹೊರಗೆ ತಳ್ಳಬೇಕು ಅನ್ನೋದು. ಕೊನೆಗೆ ಸೊನ್ನೆ ಇದ್ದರೆ ಅದು ಬೂಸ್ಟರ್, ಅಂದರೆ ಕೆಳಹಂತದ ಮೋಟಾರ್. ಕಾಯುವುದೂ ಇಲ್ಲ, ತಳ್ಳುವ ಮದ್ದೂ ಇಲ್ಲ, ನೇರವಾಗಿ ಮೇಲಕ್ಕೆ ಉಗುಳುತ್ತದೆ. ಅದರ ತಲೆಯ ಕಡೆ ಮಣ್ಣಿನ ಮುಚ್ಚಳ ಇರಲ್ಲ, ಕಪ್ಪು ಮದ್ದು ಕಣ್ಣಿಗೇ ಕಾಣುತ್ತದೆ. ಅದನ್ನು ಕೆರೆಯಬೇಡಿ, ಕುಟ್ಟಬೇಡಿ.

ಕೆಳಗೆ ಡಿ12-0. 24 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ. ಸುಮಾರು 1.6 ಸೆಕೆಂಡು ಉರಿಯುತ್ತದೆ, ಶುರುವಿನಲ್ಲಿ 30 ನ್ಯೂಟನ್ ಹತ್ತಿರ ಹೋಗುತ್ತದೆ. ಗೂಡಿಗೆ ಗಾಳಿಯ ತಡೆ ಜಾಸ್ತಿ, ಅದಕ್ಕೆ ಈ ಶುರುವಿನ ಒದೆತ ಬೇಕು. ಸಿ6-0 ಹಾಕಿ ಕಾಸು ಉಳಿಸೋಣ ಅನ್ನಿಸುತ್ತೆ. ಬೇಡ. ಸಿ6-0 ಎತ್ತಬಹುದಾದ ತೂಕದ ಮಿತಿ 113 ಗ್ರಾಂ, ನಮ್ಮ ರಾಕೆಟ್ ಅದನ್ನು ದಾಟುತ್ತದೆ. ಡಿ12-0ಕ್ಕೆ ಆ ಮಿತಿ ಸುಮಾರು 396 ಗ್ರಾಂ.

ಮೇಲೆ ಮೊದಲ ಹಾರಾಟಕ್ಕೆ ಎ8-5, ಆಮೇಲೆ ಸಿ6-7. ಎರಡೂ 18 ಮಿ.ಮೀ. ದಪ್ಪ, ಒಂದೇ ಅಳತೆ. ಎ8-5 ಹಾಕಿದರೆ ರಾಕೆಟ್ ಕಣ್ಣಳತೆಯಲ್ಲೇ ಇರುತ್ತದೆ. ಸಿ6-7 ಹಾಕಿದರೆ ನನ್ನ ಲೆಕ್ಕದಲ್ಲಿ 400 ಮೀಟರ್ ದಾಟುತ್ತದೆ, ಹುಡುಕಲು ಕಾಲು ಗಟ್ಟಿ ಇರಬೇಕು.

ಮೈದಾನದ ಅಳತೆಯೂ ಮೋಟಾರ್ ಮೇಲೇ ನಿಂತಿದೆ. ಇಲ್ಲಿನ ರಾಷ್ಟ್ರೀಯ ರಾಕೆಟ್ ಸಂಘದ ಸುರಕ್ಷಾ ನಿಯಮದಂತೆ ಎರಡೂ ಮೋಟಾರ್‌ಗಳ ಬಲ ಕೂಡಿಸಬೇಕು. ಡಿ12 ಮತ್ತು ಸಿ6 ಸೇರಿದರೆ 20 ದಾಟಿ ‘ಇ’ ವರ್ಗಕ್ಕೆ ಹೋಗುತ್ತದೆ, ಅದಕ್ಕೆ ಮೈದಾನದ ಚಿಕ್ಕ ಬದಿಯೇ 1000 ಅಡಿ ಇರಬೇಕು. ಎ8 ಹಾಕಿದರೆ ಅಂಚಿನಲ್ಲಿ ನಿಲ್ಲುತ್ತದೆ. ಆದರೂ ಗೂಡಿನ ರಾಕೆಟ್ ಅಂದಮೇಲೆ ನಾನು ದೊಡ್ಡ ಮೈದಾನವನ್ನೇ ಹಿಡಿಯುತ್ತೇನೆ.

ಹೆಜ್ಜೆ 2: ಮೇಲಿನಿಂದ ಕೆಳಕ್ಕೆ ಬರೆಯಿರಿ

ಮನೆ ಕಟ್ಟುವಾಗ ಪಾಯ ಮೊದಲು. ರಾಕೆಟ್ಟಿಗೆ ಉಲ್ಟಾ. ಮೇಲ್ಹಂತವನ್ನು ಮೊದಲು ಪೂರ್ತಿ ಮಾಡಿ, ಅದು ಒಂಟಿಯಾಗಿ ಹಾರಬಲ್ಲ ರಾಕೆಟ್ ಆಗಿರಬೇಕು. ಅದರ ತೂಕ ಗೊತ್ತಾಗದೆ ಕೆಳಗಿನ ರೆಕ್ಕೆಯ ಅಳತೆ ಹೇಳಲು ಬರುವುದಿಲ್ಲ.

ನನ್ನ ಮೇಲ್ಹಂತ 18.7 ಮಿ.ಮೀ. ದಪ್ಪದ ಕಾಗದದ ಕೊಳವೆ, 30 ಸೆಂ.ಮೀ. ಉದ್ದ. ಮೇಲೆ 7 ಸೆಂ.ಮೀ. ಮೂತಿ. ಮೂರು ಬಾಲ್ಸಾ ರೆಕ್ಕೆ: ಬುಡ 5, ತುದಿ 3, ಹೊರಚಾಚು 3 ಸೆಂ.ಮೀ. ಬಾಲ್ಸಾದ ಎಳೆಗಳು ರೆಕ್ಕೆಯ ಮುಂದಿನ ಅಂಚಿಗೆ ಸಮನಾಗಿ ಓಡಬೇಕು, ಅಡ್ಡ ಕತ್ತರಿಸಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಒಳಗೆ ಪ್ಯಾರಾಚೂಟ್ ಬೇಡ, ಹೊಳೆಯುವ ಪ್ಲಾಸ್ಟಿಕ್ ಪಟ್ಟಿ ಸಾಕು. ಪ್ಯಾರಾಚೂಟ್ ಹಾಕಿದರೆ ಅಷ್ಟು ಎತ್ತರದಿಂದ ಗಾಳಿ ಅದನ್ನು ಪಕ್ಕದ ತಾಲ್ಲೂಕಿಗೆ ಒಯ್ಯುತ್ತದೆ.

ಒಂದು ಮುಖ್ಯ ವಿಷಯ. ಮೋಟಾರನ್ನು ಕೊಳವೆಯೊಳಗೆ ಪೂರ್ತಿ ಮುಳುಗಿಸಬೇಡಿ. 12 ಮಿ.ಮೀ. ಹೊರಗೆ ಇಣುಕಲಿ. ಆ ತುಂಡೇ ಗೂಡಿನ ಕೊಳವೆಗೆ ಕೂರುವ ಕೀಲು.

ಮೋಟಾರ್ ಇಲ್ಲದೆ ನನ್ನದು 26 ಗ್ರಾಂ ಬಂತು. ಸಿ6-7 ಸೇರಿಸಿದರೆ 50, ಎ8-5 ಸೇರಿಸಿದರೆ 42.

ಹೆಜ್ಜೆ 3: ಗೂಡು

ಈಗ ನನ್ನ ತೂತಿನ ಕಥೆ. ಡಿ12ರ ತಲೆ ಒಡೆದ ಕೂಡಲೇ ಅದರ ಬಿಸಿ ಗಾಳಿ ಕೊಳವೆಯೊಳಗೆ ನುಗ್ಗುತ್ತದೆ. ಆದರೆ ಆ ಕೊಳವೆ ಖಾಲಿ ಇಲ್ಲ. ಅಲ್ಲಿ ಆಗಲೇ ತಣ್ಣನೆ ಗಾಳಿ ತುಂಬಿದೆ. ಆ ಗಾಳಿ ಒತ್ತಿಕೊಂಡು, ಕೆಂಡ ಬಂದು ಮುಟ್ಟುವ ಮೊದಲೇ ಮೇಲ್ಹಂತವನ್ನು ಬಾಟಲಿಯ ಬಿರಡೆ ಥರ ಹಾರಿಸಿಬಿಡುತ್ತದೆ. ನಾನು ಕೇಳಿದ ‘ಪಟ್’ ಅದೇ. ಮೋಟಾರ್‌ಗಳು ಅಂಟಿಕೊಂಡಿದ್ದರೆ ನಡುವೆ ಗಾಳಿಗೆ ಜಾಗವೇ ಇರಲ್ಲ, ಆ ತೊಂದರೆಯೂ ಬರಲ್ಲ. ಅಂತರ ಹೆಚ್ಚಿದಷ್ಟೂ ತೊಂದರೆ ಹೆಚ್ಚು.

ಹಾಗಂತ ಕೊಳವೆಯ ಉದ್ದಕ್ಕೂ ಕಿಂಡಿ ಕೊರೆದರೆ ಕೆಂಡವೂ ದಾರಿಯಲ್ಲೇ ಚೆದುರಿ ಹೊರಗೆ ಹೋಗುತ್ತದೆ. ಗಾಳಿ ಹೊರಗೆ ಹೋಗಬೇಕು, ಕೆಂಡ ಮಾತ್ರ ಮೇಲಿನ ಬಾಯಿಯವರೆಗೆ ಬರಬೇಕು. ಆದ್ದರಿಂದ ಕೊಳವೆಯ ಕೆಳಗಿನ ಭಾಗ ಪೂರ್ತಿ ಮುಚ್ಚಿರಲಿ. ತೂತು ಮೇಲ್ತುದಿಯಲ್ಲಿ, ಮೇಲಿನ ಮೋಟಾರಿನ ಬಾಯಿಯ ಕೆಳಗೇ ಬರಲಿ. ನಾನು ಬಾಯಿಯಿಂದ ಒಂದು ಸೆಂ.ಮೀ. ಕೆಳಗೆ, ಎದುರುಬದುರಾಗಿ ನಾಲ್ಕು ತೂತು ಮಾಡಿದ್ದೇನೆ, ಒಂದೊಂದು 6 ಮಿ.ಮೀ. ಒಂದೇ ಬದಿಗೆ ಮಾಡಿದರೆ ಹೊರಬರುವ ಗಾಳಿ ರಾಕೆಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ.

ಕಾಗದದ ಕೊಳವೆಗೆ ಒಂದೇ ಸುತ್ತಿನಲ್ಲಿ ನಾಲ್ಕು ತೂತು ಬಿದ್ದರೆ ಅಲ್ಲಿ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಒದೆತಕ್ಕೆ ಅಲ್ಲೇ ಮಡಚಿಕೊಳ್ಳಬಹುದು. ಅದಕ್ಕೇ ಸುತ್ತಲೂ ಕಡ್ಡಿ. ಕಡ್ಡಿಗಳು ಅಲಂಕಾರಕ್ಕಲ್ಲ, ಭಾರ ಹೊರುವುದು ಅವೇ.

ಕಟ್ಟುವ ಬಗೆ ಹೀಗೆ. 1.5 ಮಿ.ಮೀ. ಪ್ಲೈವುಡ್‌ನಲ್ಲಿ 38 ಮಿ.ಮೀ. ಅಗಲದ ಎರಡು ಬಿಲ್ಲೆ ಕತ್ತರಿಸಿ. ಎರಡನ್ನೂ ಒಂದರ ಮೇಲೊಂದಿಟ್ಟು ಟೇಪ್ ಸುತ್ತಿ, ನಡುವಿನ ತೂತು ಮತ್ತು ಕಡ್ಡಿಯ ನಾಲ್ಕು ತೂತುಗಳನ್ನು ಒಟ್ಟಿಗೇ ಕೊರೆಯಿರಿ. ಬೇರೆ ಬೇರೆ ಕೊರೆದರೆ ಕೂದಲೆಳೆಯಷ್ಟು ತಪ್ಪಾದರೂ ಗೂಡು ತಿರುಚಿಕೊಳ್ಳುತ್ತದೆ. ಆಮೇಲೆ ಕೆಳಬಿಲ್ಲೆಯ ನಡುವಿನ ತೂತನ್ನು ಮಾತ್ರ ಬೂಸ್ಟರ್ ಕೊಳವೆಯ ಅಳತೆಗೆ ಉಜ್ಜಿ ಅಗಲ ಮಾಡಿ. ಕಡ್ಡಿ 3 ಮಿ.ಮೀ. ದಪ್ಪದ ಬರ್ಚ್ ಮರದ್ದು. ಅಂಗಡಿಯಲ್ಲಿ ಒಂದೊಂದನ್ನೂ ಗಾಜಿನ ಟೇಬಲ್ ಮೇಲೆ ಉರುಳಿಸಿ ನೋಡಿ. ಕುಣಿಯುತ್ತಾ ಉರುಳಿದರೆ ಅದು ಸೊಟ್ಟ, ವಾಪಸ್ ಇಡಿ. ನಾನು ಹತ್ತರಲ್ಲಿ ನಾಲ್ಕು ಆರಿಸಿದೆ, ಅಂಗಡಿಯವನು ವಿಚಿತ್ರವಾಗಿ ನೋಡಿದ.

ಅಂಟಿಸಲು ಮರದ ಗೋಂದು, ನಮ್ಮೂರ ಫೆವಿಕಾಲ್ ಥರದ್ದು. ಮೊದಲು ತೆಳುವಾಗಿ ಸವರಿ ಒಣಗಲು ಬಿಡಿ, ಆಮೇಲೆ ಮತ್ತೆ ಸವರಿ ಕೂಡಿಸಿ. ಕೊಳವೆಯ ಒಳಗೂ ಅದೇ ಗೋಂದನ್ನು ಒಂದು ಪದರ ಬಳಿಯಿರಿ, ಬೆಂಕಿ ತಾಗಿದರೂ ಕಾಗದ ಬೇಗ ಸುಡುವುದಿಲ್ಲ.

ಹೆಜ್ಜೆ 4: ಬೂಸ್ಟರ್

ಬೂಸ್ಟರ್ ಅಂದರೆ 24.8 ಮಿ.ಮೀ. ದಪ್ಪದ 9 ಸೆಂ.ಮೀ. ಕೊಳವೆ, ಅದಕ್ಕೆ ಮೂರು ದೊಡ್ಡ ರೆಕ್ಕೆ, ಅಷ್ಟೇ. ರೆಕ್ಕೆಯ ಬುಡ 7, ತುದಿ 5, ಚಾಚು 6 ಸೆಂ.ಮೀ. ಗೂಡಿನ ಕೊಳವೆ ಸಣ್ಣದು, ಬೂಸ್ಟರ್ ಕೊಳವೆ ದೊಡ್ಡದು. ನಡುವಿನ ಸಂದಿಗೆ ಒಂದು ದಪ್ಪ ಉಂಗುರ ಹಾಕಿ ಅಂಟಿಸಿ. ಡಿ12 ಮೇಲಕ್ಕೆ ಒತ್ತುವುದು ಇದೇ ಉಂಗುರವನ್ನು, ಹಾಗಾಗಿ ಗೋಂದಿಗೆ ಜಿಪುಣತನ ಬೇಡ.

ಮೋಟಾರ್ ಹಿಂದಕ್ಕೆ ಜಾರದಂತೆ ಉಕ್ಕಿನ ಕೊಕ್ಕೆ ಹಾಕಿ. ಮೇಲಕ್ಕೆ ಒತ್ತುವ ಮೋಟಾರಿಗೆ ಹಿಂದೆ ಯಾಕೆ ತಡೆ ಅನ್ನಿಸಬಹುದು. ತಲೆ ಒಡೆದ ಕ್ಷಣದಲ್ಲಿ ಕೊಳವೆಯ ಒತ್ತಡ ಮೇಲ್ಹಂತವನ್ನು ಮೇಲಕ್ಕೆ ತಳ್ಳುವ ಹಾಗೇ ಡಿ12ಯನ್ನು ಕೆಳಕ್ಕೂ ತಳ್ಳುತ್ತದೆ. ಕೊಕ್ಕೆ ಇಲ್ಲದಿದ್ದರೆ ಮೋಟಾರೇ ಉದುರಿ, ಕೆಂಡ ಮೇಲೆ ಹೋಗುವ ಬದಲು ಕೆಳಗೆ ಹೋಗುತ್ತದೆ.

ಹಾರುವಾಗ ರಾಕೆಟ್ ನೆಟ್ಟಗೆ ಜಾರಿಕೊಂಡು ಏಳಲು ನೆಲದಲ್ಲಿ ನಿಲ್ಲಿಸುವ ರಾಡಿಗೆ ಪೋಣಿಸುವ ಪುಟ್ಟ ನಳಿಕೆಗಳು ಎಲ್ಲಿ ಬರಬೇಕು ಅಂತ ನಾನು ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ಗೂಡು ಎರಡೂ ಕೊಳವೆಗಳಿಗಿಂತ ಅಗಲ, ಮೈಗೆ ಅಂಟಿಸಿದರೆ ರಾಡ್ ಗೂಡಿಗೆ ತಾಗುತ್ತದೆ. ಉತ್ತರ ಕಣ್ಣೆದುರೇ ಇತ್ತು. ಎರಡು ಬಿಲ್ಲೆಗಳ ಅಂಚಿಗೇ ಒಂದೊಂದು ನಳಿಕೆ ಅಂಟಿಸಿದರೆ ಆಯಿತು. ನಡುವೆ 15 ಸೆಂ.ಮೀ. ಅಂತರ, ಎರಡೂ ಒಂದೇ ಗೆರೆಯಲ್ಲಿ. ಮೇಲಿನ ಮತ್ತು ಕೆಳಗಿನ ರೆಕ್ಕೆಗಳೆಲ್ಲ ಆ ಗೆರೆಯನ್ನು ಬಿಟ್ಟಿರಲಿ.

ಹೆಜ್ಜೆ 5: ನೆಟ್ಟಗೆ ಹೋಗುತ್ತಾ? ಲೆಕ್ಕ

ದೀಪಾವಳಿ ರಾಕೆಟ್ಟಿನ ಕಡ್ಡಿ ಮುರಿದು ಹಚ್ಚಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು, ಪಕ್ಕದ ಮನೆಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳಿಗೂ ಉದ್ದ ಬಿದಿರು ಕಟ್ಟುತ್ತಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ‘ನಗರ’ ಎಂಬ ಊರಿನ ಹಳೇ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ, ಅಂಥವಕ್ಕೆ. ಬಾಲದ ಕಡೆ ಗಾಳಿ ಹಿಡಿದುಕೊಳ್ಳಲು ಏನಾದರೂ ಬೇಕು. ನಮಗೆ ಅದು ರೆಕ್ಕೆ.

ಎರಡು ಬಿಂದು ನೆನಪಿಡಿ. ರಾಕೆಟ್ಟನ್ನು ಬೆರಳ ಮೇಲಿಟ್ಟಾಗ ತೂಗುವ ಜಾಗ ಸಿಜಿ. ಅಡ್ಡಗಾಳಿಯ ಒತ್ತಡವೆಲ್ಲ ಒಟ್ಟಾಗಿ ಬೀಳುವ ಜಾಗ ಸಿಪಿ. ಸಿಜಿ ಮೂತಿಯ ಕಡೆ, ಸಿಪಿ ಬಾಲದ ಕಡೆ ಇರಬೇಕು. ನಡುವಿನ ಅಂತರ ಕಡೇಪಕ್ಷ ರಾಕೆಟ್ಟಿನ ದಪ್ಪದಷ್ಟು ಇರಬೇಕು. ಇದನ್ನೇ ಒಂದು ಕ್ಯಾಲಿಬರ್ ಅನ್ನುತ್ತಾರೆ. ಸಿಪಿ ಲೆಕ್ಕಕ್ಕೆ ನಾಸಾದ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್ 1960ರ ದಶಕದಲ್ಲಿ ಕೊಟ್ಟ ಸೂತ್ರವನ್ನೇ ಹವ್ಯಾಸಿಗಳು ಈಗಲೂ ಬಳಸುತ್ತಾರೆ. ಕೈಯಲ್ಲಿ ಮಾಡಬೇಕಿಲ್ಲ. ಓಪನ್‌ರಾಕೆಟ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿಯ ಪ್ರಬಂಧವಾಗಿ ಹುಟ್ಟಿದ್ದು ಅದು.

ಸಿಜಿಯನ್ನು ಮಾತ್ರ ಕೈಯಲ್ಲಿ ಮಾಡಿ ನೋಡಿ. ಮೂತಿಯ ತುದಿ ಸೊನ್ನೆ. ಸಿ6 ಸಮೇತ ಮೇಲ್ಹಂತ 50 ಗ್ರಾಂ, ಅದರ ನಡು 26.5 ಸೆಂ.ಮೀ. ದೂರದಲ್ಲಿ. ಗೂಡು, ಬೂಸ್ಟರ್ ಸೇರಿ 35 ಗ್ರಾಂ, 53ರಲ್ಲಿ. ಡಿ12 42 ಗ್ರಾಂ, 58ರಲ್ಲಿ. ತೂಕವನ್ನು ದೂರದಿಂದ ಗುಣಿಸಿ: 1325, 1855, 2436. ಕೂಡಿಸಿದರೆ 5616. ಒಟ್ಟು ತೂಕ 127ರಿಂದ ಭಾಗಿಸಿದರೆ 44.2 ಸೆಂ.ಮೀ. ಇಡೀ ರಾಕೆಟ್ಟಿನ ಸಿಪಿ 50.3ರಲ್ಲಿದೆ. ಅಂತರ 6.1. ಗೂಡಿನ ಅಗಲ 3.8 ಸೆಂ.ಮೀ., ಅಂದರೆ 1.6 ಕ್ಯಾಲಿಬರ್. ಸಾಕು.

ಈಗ ನನ್ನನ್ನು ಬೆಚ್ಚಿಬೀಳಿಸಿದ್ದು ಕೇಳಿ. ಮೊದಲ ಹಾರಾಟ ಸುರಕ್ಷಿತವಾಗಿರಲಿ ಅಂತ ಮೇಲೆ ಸಣ್ಣ ಎ8 ಹಾಕುತ್ತೇವೆ, ಅಲ್ವಾ? ಎ8 ಹಗುರ, ಮೇಲ್ಹಂತ 42 ಗ್ರಾಂಗೆ ಇಳಿಯುತ್ತದೆ, ಅದರ ನಡು 25ಕ್ಕೆ ಬರುತ್ತದೆ. ಒಂಟಿ ಮೇಲ್ಹಂತಕ್ಕೆ ಇದು ಒಳ್ಳೇದೇ, ಅಂತರ 2.2 ಕ್ಯಾಲಿಬರಿನಿಂದ 3ಕ್ಕೆ ಏರುತ್ತದೆ. ಆದರೆ ಜೋಡಿಸಿದ ರಾಕೆಟ್ಟಿನ ಲೆಕ್ಕ ಮತ್ತೆ ಮಾಡಿ: 1050, 1855, 2436 ಕೂಡಿ 5341, ಭಾಗ 119. ಸಿಜಿ 44.9ಕ್ಕೆ ಹಿಂದೆ ಸರಿಯಿತು. ಅಂತರ 1.4ಕ್ಕೆ ಇಳಿಯಿತು. ಮುಂದಿನ ತೂಕ ಕಮ್ಮಿಯಾದರೆ ಬಾಲವೇ ಭಾರ, ಅಷ್ಟೇ ವಿಷಯ. ಸಣ್ಣ ಮೋಟಾರ್ ಹಾಕಿ ಇಡೀ ರಾಕೆಟ್ಟನ್ನು ಸ್ವಲ್ಪ ಸಡಿಲ ಮಾಡಿಕೊಂಡ ಹಾಗಾಯಿತು. ಇಲ್ಲಿ 1.4 ಇದೆ, ನಡೆಯುತ್ತದೆ. ನಿಮ್ಮ ಬೂಸ್ಟರ್ ರೆಕ್ಕೆ ಚಿಕ್ಕದಿದ್ದು ಒಂದರ ಹತ್ತಿರ ಇದ್ದಿದ್ದರೆ? ಆದ್ದರಿಂದ ಪ್ರತಿ ಜೋಡಿಗೂ ಎರಡೆರಡು ಲೆಕ್ಕ: ಜೋಡಿಸಿದ್ದು, ಬಿಡಿಸಿದ್ದು.

ಇನ್ನೊಂದು ಸಂಖ್ಯೆ, ರಾಡ್ ಬಿಡುವಾಗಿನ ವೇಗ. ಅದು ಸೆಕೆಂಡಿಗೆ 13 ಮೀಟರಿಗಿಂತ ಕಮ್ಮಿ ಇದ್ದರೆ ರೆಕ್ಕೆಗೆ ಗಾಳಿ ಸಾಲದು. 90 ಸೆಂ.ಮೀ. ರಾಡಿನಲ್ಲಿ ನನಗೆ ಸುಮಾರು 14 ಬಂತು. ಅಂಚು ಅನ್ನಿಸಿ 120 ಸೆಂ.ಮೀ.ನ ದಪ್ಪ ರಾಡ್ ತಂದೆ.

ಹೆಜ್ಜೆ 6: ಲೆಕ್ಕವನ್ನು ನಂಬಬೇಡಿ

ಸಾಫ್ಟ್‌ವೇರಿಗೆ ಗೂಡು ಅಂದರೆ ಏನು ಅಂತ ಗೊತ್ತಿಲ್ಲ. ನಾನು ಅದನ್ನು ಮುಚ್ಚಿದ ಕೊಳವೆ ಅಂತ ಸುಳ್ಳು ಹೇಳಿ ಲೆಕ್ಕ ಹಾಕಿಸಿದೆ. ಹಾಗಾಗಿ ಇನ್ನೆರಡು ಪರೀಕ್ಷೆ ಬೇಕು.

ಮೊದಲನೆಯದು ರಟ್ಟಿನದು. ರಾಕೆಟ್ಟಿನ ಪಕ್ಕನೋಟವನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿ, ಸ್ಕೇಲಿನ ಅಂಚಿನ ಮೇಲೆ ತೂಗಿಸಿ. ತೂಗುವ ಜಾಗವನ್ನು ಸಿಪಿ ಅಂತ ಹಿಡಿಯಿರಿ. ಇದು ನಿಜವಾದ ಸಿಪಿಗಿಂತ ಮುಂದೆಯೇ ತೋರಿಸುತ್ತದೆ, ಅಂದರೆ ಹೆದರಿಸುವ ಕಡೆಗೇ ತಪ್ಪುತ್ತದೆ. ಇದರಲ್ಲಿ ಪಾಸಾದರೆ ನಿಶ್ಚಿಂತೆ, ಫೇಲಾದರೆ ಗಾಬರಿ ಬೇಡ.

ಎರಡನೆಯದು ಕವಣೆ ಬೀಸಿದ ಹಾಗೆ. ಮೋಟಾರ್ ಸಮೇತ ರಾಕೆಟ್ಟಿನ ಸಿಜಿಗೆ ದಾರ ಕಟ್ಟಿ, ಟೇಪ್ ಹಾಕಿ, ಮೂರು ಮೀಟರ್ ಬಿಟ್ಟು ತಲೆಯ ಮೇಲೆ ತಿರುಗಿಸಿ. ಮೂತಿ ಮುಂದಾಗಿ ಓಡಿದರೆ ಸರಿ. ಅಡ್ಡಡ್ಡ ಅಥವಾ ಬಾಲ ಮುಂದಾಗಿ ತಿರುಗಿದರೆ ಮೂತಿಗೆ ಜೇಡಿಮಣ್ಣು ತುಂಬಿ ಮತ್ತೆ ನೋಡಿ. ನಾನು ಇದನ್ನು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಮಾಡುವಾಗ ದಾವಣಗೆರೆಯಿಂದ ಅಮ್ಮನ ವಿಡಿಯೊ ಕಾಲ್ ಬಂತು. ಫೋನ್ ಹಿಡಿದ ಮಗಳು ಕ್ಯಾಮೆರಾ ನನ್ನ ಕಡೆ ತಿರುಗಿಸಿದಳು. ಅಮ್ಮ ಸ್ವಲ್ಪ ಹೊತ್ತು ನೋಡಿ, “ಇದಕ್ಕೇನೋ ನಿನ್ನ ಎಂಜಿನಿಯರಿಂಗ್ ಓದಿಸಿದ್ದು” ಅಂದರು.

ಬೂಸ್ಟರಿಗೆ ಮಾತ್ರ ಪರೀಕ್ಷೆ ತಿರುಗುಮುರುಗು. ಅದಕ್ಕೆ ಪ್ಯಾರಾಚೂಟ್ ಇಲ್ಲ, ಪಲ್ಟಿ ಹೊಡೆಯುತ್ತಾ ನಿಧಾನ ಬೀಳಬೇಕು. ಉರಿದ ಖಾಲಿ ಮೋಟಾರ್ ಹಾಕಿ ಹುಲ್ಲಿನ ಮೇಲೆ ಎತ್ತರಕ್ಕೆ ಎಸೆಯಿರಿ. ಉರುಳಾಡುತ್ತಾ ಬಿದ್ದರೆ ಸರಿ. ಗೂಡು ಮುಂದಾಗಿ ಬಾಣದ ಹಾಗೆ ಬಂದರೆ ಅದು ಅಪಾಯ, ಗೂಡನ್ನು ಒಂದೆರಡು ಸೆಂ.ಮೀ. ಗಿಡ್ಡ ಮಾಡಿ. ಗಿಡ್ಡ ಮಾಡಿದ ಮೇಲೆ ಹೆಜ್ಜೆ 5ಕ್ಕೆ ವಾಪಸ್ ಹೋಗಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಹೆಜ್ಜೆ 7: ಮೈದಾನ

ಮೇಲ್ಹಂತದ ಮೋಟಾರಿಗೆ ಇಗ್ನೈಟರ್ (ಕರೆಂಟಿನಿಂದ ಹೊತ್ತಿಸುವ ವೈರು) ಹಾಕಬೇಡಿ, ಅದರ ಬಾಯಿ ಬರಿದಾಗಿರಲಿ. ಡಿ12ಕ್ಕೆ ಮಾತ್ರ. ಮೇಲ್ಹಂತ ಗೂಡಿಗೆ ಎಷ್ಟು ಬಿಗಿಯಾಗಿ ಕೂರಬೇಕು ಅನ್ನೋದೇ ಇಲ್ಲಿನ ಕೈಚಳಕ. ಮೇಲ್ಹಂತ ಹಿಡಿದು ಇಡೀ ರಾಕೆಟ್ ಎತ್ತಿ. ಬೂಸ್ಟರ್ ನೇತಾಡಬೇಕು, ಮೆಲ್ಲಗೆ ಒಮ್ಮೆ ಜಾಡಿಸಿದರೆ ಜಾರಿ ಬರಬೇಕು. ಎತ್ತುವಾಗಲೇ ಬಿದ್ದರೆ ಮೋಟಾರಿಗೆ ಕಾಲು ಸುತ್ತು ಟೇಪ್. ಜಾಡಿಸಿದರೂ ಬರದಿದ್ದರೆ ಮರಳುಕಾಗದ.

ನಿಯಮ ಗಂಟೆಗೆ 32 ಕಿ.ಮೀ. ಗಾಳಿಯವರೆಗೆ ಬಿಡುತ್ತದೆ. ಎರಡು ಹಂತದ್ದಕ್ಕೆ ನಾನು ಅದರ ಅರ್ಧಕ್ಕೇ ನಿಲ್ಲಿಸುತ್ತೇನೆ. ರಾಕೆಟ್ ಗಾಳಿಯ ಕಡೆ ಮುಖ ಮಾಡಿ ವಾಲುತ್ತದೆ, ವಾಲಿದ ಹೊತ್ತಿಗೆ ಮೇಲ್ಹಂತ ಹೊತ್ತಿಕೊಂಡರೆ ಅದು ಎತ್ತರಕ್ಕಲ್ಲ, ದೂರಕ್ಕೆ ಹೋಗುತ್ತದೆ. ರಾಡ್ ನೆಟ್ಟಗಿರಲಿ, ಜನರ ಕಡೆ ಒಂದಿಷ್ಟೂ ವಾಲದಿರಲಿ. ಸುತ್ತಲಿನ ಒಣಹುಲ್ಲು ತೆಗೆಯಿರಿ, ಬಕೆಟ್ ನೀರು ಪಕ್ಕದಲ್ಲಿರಲಿ. ಬೂಸ್ಟರ್ ಬಿಸಿಯಾಗೇ ಬೀಳುತ್ತದೆ. ಡಿ ಮೋಟಾರಿಗೆ 15 ಅಡಿ ದೂರ ಸಾಕು ಅನ್ನುತ್ತದೆ ನಿಯಮ, ನಾನು 30 ಅಡಿ ವೈರ್ ಎಳೆಯುತ್ತೇನೆ. ಇಬ್ಬರು ಬೇಕು, ಒಬ್ಬರು ಬೂಸ್ಟರ್ ಮೇಲೆ ಕಣ್ಣಿಡಲು, ಇನ್ನೊಬ್ಬರು ಮೇಲ್ಹಂತದ ಮೇಲೆ. ಗುಂಡಿ ಒತ್ತಿದರೂ ಹೊತ್ತಿಕೊಳ್ಳದಿದ್ದರೆ ಗುಂಡಿಪೆಟ್ಟಿಗೆಯ ಕೀಲಿ ತೆಗೆದು 60 ಸೆಕೆಂಡು ಕಾಯಿರಿ, ಓಡಿ ಹೋಗಬೇಡಿ.

ನನ್ನದು ಎ8-5ರ ಜೊತೆ ಎರಡನೇ ಸಲ ಎದ್ದಾಗ ಸದ್ದೇ ಬೇರೆ ಇತ್ತು. ಡಿ12ರ ಗದ್ದಲ ನಿಂತು, ಎಣಿಸಲಾಗದಷ್ಟು ಚಿಕ್ಕ ಮೌನ. ಗೂಡಿನ ನಾಲ್ಕೂ ಕಡೆಯಿಂದ ಪುಟ್ಟ ಹೊಗೆ ಚಿಮ್ಮಿತು. ಕೂಡಲೇ ಮೇಲಿನಿಂದ ಸೀಳುವ ಇನ್ನೊಂದು ಸದ್ದು. “ಎರಡನೇದು ಹತ್ತಿತು!” ಅಂತ ಕೂಗಿದ್ದು ಮಗಳು, ನಾನು ಇನ್ನೂ ಬೂಸ್ಟರ್ ನೋಡುತ್ತಿದ್ದೆ.

ಬಿದ್ದ ಮೇಲೆ

ಮೇಲ್ಹಂತ ಉರಿಯದೆ ಬಂದಿದ್ದರೆ ಆ ಮೋಟಾರನ್ನು ಮತ್ತೆ ಬಳಸಬೇಡಿ. ನೆಲಕ್ಕೆ ಬಡಿದಾಗ ಮದ್ದು ಬಿರುಕು ಬಿಟ್ಟಿರಬಹುದು. ನೀರಿನಲ್ಲಿ ನೆನೆಸಿ, ಪೂರ್ತಿ ಕರಗಿದ ಮೇಲೆ ಕಸಕ್ಕೆ ಹಾಕಿ.

ಬೂಸ್ಟರ್ ತಣ್ಣಗಾದ ಮೇಲೆ ನಾಲ್ಕು ತೂತುಗಳ ಅಂಚಿನ ಮಸಿ ನೋಡಿ. ನಾಲ್ಕರಲ್ಲೂ ಒಂದೇ ಸಮ ಕಪ್ಪಾಗಿದ್ದರೆ ಗಾಳಿ ಸಮವಾಗಿ ಹೊರಗೆ ಹೋಗಿದೆ. ಒಂದು ಬದಿ ಮಾತ್ರ ಕಪ್ಪಾಗಿದ್ದರೆ ಮೇಲ್ಹಂತ ವಾಲಿ ಕೂತಿತ್ತು ಅಂತ ಅರ್ಥ, ಕೀಲಿನ ಟೇಪ್ ಸರಿ ಮಾಡಿ. ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ ನೋಡಿ, ಗೋಂದು ಬಿಟ್ಟ ಕಡ್ಡಿಯ ಸದ್ದು ಮಂಕಾಗಿರುತ್ತದೆ. ನನ್ನದರಲ್ಲಿ ಮೂರು ಟಣ್ ಅಂದವು, ಒಂದು ಅನ್ನಲಿಲ್ಲ. ಅದಕ್ಕೆ ಮತ್ತೆ ಗೋಂದು ಹಾಕಿ ಒಣಗಲು ಇಟ್ಟಿದ್ದೇನೆ. ಸಿ6-7 ಡಬ್ಬಿಯಲ್ಲಿ ಕಾಯುತ್ತಿದೆ.